ಬಾನುಲಿಯ ಲೈಸೆನ್ಸು ಪುಸ್ತಕ

ಮನೆ ಬದಲಾಯಿಸುವಾಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಎಸೆಯತಕ್ಕವು. ಉಳಿದ ಕಾಲು ಪಾಲನ್ನು ಎಸೆಯುವುದಕ್ಕೆ ಕೈ ಬರುವುದಿಲ್ಲ. ಹೋದ ವರ್ಷ ನಾವು ಪರೇಲಿನ ಚಾಳಿನ ಕೋಣೆಯನ್ನು ಬಿಟ್ಟು ಡೊಂಬಿವಲಿಗೆ ಬಂದಾಗ, ಅಜ್ಜನ ಕಬ್ಬಿಣದ ಟ್ರಂಕಿನ ತಳದಲ್ಲಿ, ಪಡಿತರ ಚೀಟಿಯ ಕೆಳಗೆ, ಒಂದು ಸಣ್ಣ ಪುಸ್ತಕ ಸಿಕ್ಕಿತು. ರಟ್ಟು ಮಾಸಿತ್ತು, ಹೊಲಿಗೆ ಬಿಟ್ಟಿತ್ತು. ಒಳಗೆ ಪುಟಪುಟಕ್ಕೂ ಅಂಚೆ ಚೀಟಿಯನ್ನು ಹೋಲುವ ಚೀಟಿಗಳು, ಅವುಗಳ ಮೇಲೆ ಅಂಚೆ ಕಚೇರಿಯ ದುಂಡು ಮುದ್ರೆ. ನಮ್ಮ ಮಗಳು ಅದನ್ನು ತಿರುವಿ ನೋಡಿ, ಇದು ಯಾರ ಪಾಸ್‌ಬುಕ್ಕು ಎಂದು ಕೇಳಿದಳು. ರೇಡಿಯೋದ್ದು ಎಂದೆವು. ಅವಳು ನಕ್ಕಳು.

ಆ ನಗೆಯಲ್ಲಿ ತಪ್ಪೇನೂ ಇಲ್ಲ. ಹಾಡು ಕೇಳುವುದಕ್ಕೆ ಸರಕಾರದ ಪರವಾನಿಗೆ ಬೇಕಾಗಿತ್ತು ಎಂದರೆ ಇಂದಿನವರು ನಂಬುವುದು ಕಷ್ಟವೇ. ಆದರೆ ಅದು ನಿಜ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ರೇಡಿಯೋವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಮೊದಲ ಸಲಕ್ಕೆ ನೂರು ರೂಪಾಯಿಯವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಇನ್ನೂರೈವತ್ತರವರೆಗೆ. ಪೆಟ್ಟಿಗೆ ಹಾಡುತ್ತಿದೆಯೋ ಮೂಗಿಯಾಗಿ ಕುಳಿತಿದೆಯೋ, ಕಾಯಿದೆಗೆ ಅದು ಬೇಕಾಗಿರಲಿಲ್ಲ. ಅದು ಯಾರ ಮನೆಯಲ್ಲಿದೆಯೋ ಅವರ ಹೆಸರಿನಲ್ಲಿ ಲೈಸೆನ್ಸು ಇರಬೇಕು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಚೀಟಿ ಅಂಟಿಸಿ ಮುದ್ರೆ ಹಾಕಿಸಿಕೊಂಡು ಬರಬೇಕು. ಅರವತ್ತರ ದಶಕದಲ್ಲಿ ಈ ಶುಲ್ಕ ಹದಿನೈದು ರೂಪಾಯಿ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಮನೆಗೆ ತರುತ್ತಿದ್ದ ರೈಲ್ವೆಯ ಫಿಟರಿಗೆ ಅದು ಸಣ್ಣ ಮೊತ್ತವೇನಲ್ಲ.

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಹಗಲೆಲ್ಲ ಮುದ್ರೆ ಮತ್ತು ತಾರೀಖು ನೋಡಿ ಅಭ್ಯಾಸವಾದ ನಮಗೆ ಆ ರಾತ್ರಿ ಗಂಟು ಮೂಟೆಗಳ ನಡುವೆಯೇ ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಾಳೆ ನೋಡಬೇಕೆನಿಸಿತು. ಮೊದಲ ಮುದ್ರೆ 1961ರದು. ಕೊನೆಯದು 1984ರದು. ನಡುವೆ ಪ್ರತಿ ವರ್ಷವೂ ತಪ್ಪದೆ ಒಂದೊಂದು. ಒಂದೇ ಒಂದು ಕಡೆ ಲೆಕ್ಕ ಹರಿದಿತ್ತು. 1974ರ ಮುದ್ರೆಯಾದ ಮೇಲೆ ಒಂದು ಪುಟ ಖಾಲಿ, ಮುಂದಿನದು 1976. ಅಜ್ಜ ಸಾಲ ಮಾಡಿಯಾರು, ಕಂತು ತಪ್ಪಿಸುವವರಲ್ಲ. ಆ ಒಂದು ವರ್ಷದ ವಿಷಯಕ್ಕೆ ಆಮೇಲೆ ಬರುತ್ತೇವೆ. ಅದಕ್ಕೆ ಮೊದಲು, ಈ ಪುಸ್ತಕ ನಮ್ಮ ಮನೆಗೆ ಬರುವಷ್ಟರಲ್ಲಿ ಕನ್ನಡದ ಬಾನುಲಿ ಎಷ್ಟು ದೂರ ನಡೆದು ಬಂದಿತ್ತೆಂಬುದನ್ನು ಸ್ವಲ್ಪ ಹೇಳಬೇಕು.

ನಾವು ವಾಸಿಸುವ ಈ ಮುಂಬಯಿಯೇ ನಮ್ಮ ದೇಶದ ಬಾನುಲಿಯ ಮೊದಲ ನೆಲೆಗಳಲ್ಲಿ ಒಂದು. 1923ರಲ್ಲಿ ಇಲ್ಲಿ ಹವ್ಯಾಸಿಗಳ ರೇಡಿಯೋ ಕ್ಲಬ್ಬು ಪ್ರಸಾರ ಆರಂಭಿಸಿತು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ನಿಲಯವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದರು. ಮರು ತಿಂಗಳು ಕಲಕತ್ತೆ. ಆಗ ಲೈಸೆನ್ಸಿಗೆ ವರ್ಷಕ್ಕೆ ಹತ್ತು ರೂಪಾಯಿ. ಅದರಲ್ಲಿ ಎಂಟು ರೂಪಾಯಿ ಕಂಪನಿಗೆ. ಆದರೆ ಹತ್ತು ರೂಪಾಯಿ ಕೊಡುವವರು ಬೇಕಲ್ಲ! ಮೂರು ವರ್ಷ ತುಂಬುವಷ್ಟರಲ್ಲಿ, 1930ರ ಮಾರ್ಚಿನಲ್ಲಿ, ಕಂಪನಿ ಬಾಗಿಲು ಹಾಕಿತು. ಇಡೀ ದೇಶದಲ್ಲಿ ಆಗ ಲೈಸೆನ್ಸುದಾರರು ಎಂಟು ಸಾವಿರವೂ ಇರಲಿಲ್ಲ. ಸರಕಾರ ಅದನ್ನು ವಹಿಸಿಕೊಂಡು, 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರಿಟ್ಟಿತು.

ಆದರೆ ಅದಕ್ಕಿಂತ ಒಂದು ವರ್ಷ ಮೊದಲೇ ಮೈಸೂರಿನಲ್ಲಿ ಒಬ್ಬ ಪ್ರೊಫೆಸರರು ಇನ್ನೂ ಚೆಂದದ ಹೆಸರೊಂದನ್ನು ಬಳಕೆಗೆ ತಂದಿದ್ದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠಲ ವಿಹಾರ’ದಲ್ಲೇ ಪ್ರಸಾರವನ್ನು ಆರಂಭಿಸಿದರು. ಪ್ರೇಷಕದ ಶಕ್ತಿ 30 ವ್ಯಾಟು. ಹಿಂದೆ ನಮ್ಮ ಚಾಳಿನ ಓಣಿಯಲ್ಲಿ ಉರಿಯುತ್ತಿದ್ದ ಬಲ್ಬಿಗೆ ಅದಕ್ಕಿಂತ ಹೆಚ್ಚು ಶಕ್ತಿ ಇತ್ತು. ಆ ಮಿಣುಕು ಶಕ್ತಿಯ ಮನೆ ನಿಲಯದ ಹೆಸರು ‘ಆಕಾಶವಾಣಿ’. ಹೆಸರನ್ನು ಹುಡುಕಿದವರು ಗೋಪಾಲಸ್ವಾಮಿಯವರೇ ಎಂದು ಹಲವರು ಹೇಳುತ್ತಾರೆ. ಅವರ ಜೊತೆ ದುಡಿದ ನಾ. ಕಸ್ತೂರಿಯವರೆಂದು ಬೇರೆಯವರು. ಆ ವ್ಯಾಜ್ಯ ಬಿಡೋಣ. 1942ರಲ್ಲಿ ನಿಲಯವನ್ನು ಮೈಸೂರು ಸರಕಾರ ತೆಗೆದುಕೊಂಡಿತು, 1950ರ ಏಪ್ರಿಲಿನಲ್ಲಿ ಕೇಂದ್ರ ಸರಕಾರಕ್ಕೆ ಬಂತು. ಐವತ್ತರ ದಶಕದಲ್ಲಿ ಮೈಸೂರಿನ ಆ ಹೆಸರೇ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಮುಂಬಯಿಯ ಮರಾಠಿಗರೂ ಗುಜರಾತಿಗಳೂ ‘ಆಕಾಶವಾಣಿ’ ಎನ್ನುವಾಗ ಮೈಸೂರಿನ ಒಂದು ಮನೆಯ ಹೆಸರನ್ನು ಹೇಳುತ್ತಿದ್ದೇವೆಂದು ಅವರಿಗೆ ತಿಳಿಯದು. ನಾವಾಗಿ ಹೇಳಿದರೆ ಬಡಾಯಿ ಎಂದುಕೊಳ್ಳುತ್ತಾರೆ. ಆದರೂ ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇವೆ.

ಆ ದಿನಗಳ ಕನ್ನಡನಾಡಿನ ನಕಾಶೆಯನ್ನು ಓದುಗರು ಒಮ್ಮೆ ನೆನೆಯಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ ರಾಜಧಾನಿ ಮುಂಬಯಿ. ಮಂಗಳೂರು, ಬಳ್ಳಾರಿಯವರಿಗೆ ಮದರಾಸು. ಕಲಬುರ್ಗಿ, ರಾಯಚೂರು, ಬೀದರಿನವರಿಗೆ ನಿಜಾಮರ ಹೈದರಾಬಾದು. ಕೊಡಗಿನದು ಬೇರೆಯೇ ಆಡಳಿತ. ಮೈಸೂರಿನವರಿಗೆ ಮಾತ್ರ ಮಹಾರಾಜರು. ಬಾನುಲಿಯೂ ಹಾಗೆಯೇ ಹಂಚಿಹೋಗಿತ್ತು. ಮಂಗಳೂರಿನ ಉಳ್ಳವರು 1938ರಲ್ಲಿ ಆರಂಭವಾದ ಮದರಾಸು ಕೇಂದ್ರಕ್ಕೆ ಕಿವಿಗೊಡಬೇಕು. ಹೈದರಾಬಾದಿನ ಡೆಕ್ಕನ್ ರೇಡಿಯೋದ ಮುಖ್ಯ ಭಾಷೆ ಉರ್ದು. ಇಂಥ ಹೊತ್ತಿನಲ್ಲಿ, 1950ರ ಜನವರಿ 8ರಂದು ಧಾರವಾಡ ಕೇಂದ್ರ ಮಾತನಾಡತೊಡಗಿತು. ಗಣರಾಜ್ಯವಾಗಲು ಇನ್ನೂ ಹದಿನೆಂಟು ದಿನವಿತ್ತು. ಆಗ ದಿಲ್ಲಿಯಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಮಂತ್ರಿಗಳಾಗಿದ್ದವರು ಧಾರವಾಡದವರೇ ಆದ ರಂ. ರಾ. ದಿವಾಕರರು. 1955ರ ನವೆಂಬರ್ 2ರಂದು ಮೈಸೂರಿನ ಕೇಂದ್ರ ಬೆಂಗಳೂರಿಗೆ ಬಂತು. ನಕಾಶೆಯ ಮೇಲೆ ನಾಡು ಒಂದಾದದ್ದು ಇನ್ನೊಂದು ವರ್ಷದ ಮೇಲೆ, 1956ರ ನವೆಂಬರ್ 1ಕ್ಕೆ. ಎಂದರೆ, ಒಂದು ರೇಡಿಯೋ ಮತ್ತು ಉದ್ದನೆಯ ಒಂದು ತಂತಿ ಇದ್ದವನಿಗೆ ಧಾರವಾಡವೂ ಬೆಂಗಳೂರೂ ಒಂದೇ ಗಾಜಿನ ಪಟ್ಟಿಯ ಮೇಲೆ ಎರಡು ಬೆರಳಿನ ಅಂತರದಲ್ಲಿ ಮೊದಲೇ ಸಿಕ್ಕಿಬಿಟ್ಟಿದ್ದವು.

ನಮ್ಮ ಅಜ್ಜ ಗದಗಿನ ಹತ್ತಿರದ ಹಳ್ಳಿಯಿಂದ ಮುಂಬಯಿಗೆ ಬಂದದ್ದು 1953ರಲ್ಲಿ. ಎಂಟು ವರ್ಷದ ಮೇಲೆ, ಊರಿಗೆ ಹಿಂದಿರುಗುತ್ತಿದ್ದ ಒಬ್ಬ ಮೇಸ್ತ್ರಿಯಿಂದ, ನೂರ ಎಂಬತ್ತು ರೂಪಾಯಿಗೆ ಒಂದು ಹಳೆಯ ಮರ್ಫಿ ರೇಡಿಯೋ ಕೊಂಡರು. ಕೈಗೆ ಅರ್ಧ, ಉಳಿದದ್ದು ಆರು ಕಂತು. ವಾಲ್ವಿನ ಪೆಟ್ಟಿಗೆ, ಗುಂಡಿ ತಿರುಗಿಸಿದರೆ ಒಡನೆಯೇ ಮಾತನಾಡುವುದಿಲ್ಲ. ಒಳಗೆ ದೀಪ ಹತ್ತಿ, ವಾಲ್ವು ಕಾಯ್ದು, ಒಂದು ಬಗೆಯ ಬೆಚ್ಚನೆಯ ಧೂಳಿನ ವಾಸನೆ ಬಂದ ಮೇಲೆ ದನಿ ಮೆಲ್ಲಗೆ ಮೇಲೇಳುತ್ತದೆ. ಗಾಜಿನ ಪಟ್ಟಿಯ ಮೇಲೆ ದೇಶವಿದೇಶಗಳ ಊರುಗಳ ಹೆಸರು ಅಚ್ಚಾಗಿದ್ದವು, ಧಾರವಾಡದ ಹೆಸರು ಇರಲಿಲ್ಲ. ಮುಳ್ಳು ಅಲ್ಲಿಗೆ ಬಂದು ನಿಂತಾಗ ಅಜ್ಜಿ ಗಾಜಿನ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟರು. ವರ್ಷಕ್ಕೊಮ್ಮೆ ದಸರೆಯಲ್ಲಿ ಗಾಜು ಒರೆಸಿ ಅದನ್ನು ಹೊಸದು ಮಾಡುತ್ತಿದ್ದರು.

ಅಜ್ಜ ಮಾಡಿದ ಮೊದಲ ಕೆಲಸ ಏರಿಯಲ್ ಕಟ್ಟಿದ್ದು. ಚಾಳಿನ ಮೂರನೆಯ ಮಜಲಿನ ಕಟಾಂಜನದಿಂದ ಎದುರು ಚಾಳಿನ ಕಂಬದವರೆಗೆ ತಾಮ್ರದ ತಂತಿ. ಅದರ ಮೇಲೆ ಯಾರೋ ಒಂದು ದಿನ ಸೀರೆ ಒಣಹಾಕಿದರಂತೆ. ಧಾರವಾಡ ಮೂಗಿನಲ್ಲಿ ಮಾತನಾಡಿತು ಎಂದು ಅಜ್ಜಿ ಹೇಳುತ್ತಿದ್ದರು. ಅವರ ಮಾತಿನಲ್ಲಿ ಸ್ವಲ್ಪ ಉಪ್ಪುಖಾರ ಇರುತ್ತಿತ್ತು, ಓದುಗರು ಅದನ್ನು ಕಳೆದುಕೊಂಡು ಓದಬೇಕು.

ಹಗಲಿನಲ್ಲಿ ಮಾತ್ರ ಎಷ್ಟು ತಿರುಗಿಸಿದರೂ ಧಾರವಾಡವಿಲ್ಲ. ಮುಂಬಯಿಯಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರು. ಮಧ್ಯಮ ತರಂಗ ಹಗಲು ನೆಲವನ್ನೇ ಹಿಡಿದು ನಡೆಯುತ್ತದೆ. ಅಷ್ಟು ದೂರ ಬರುವಷ್ಟರಲ್ಲಿ ಸೊರಗುತ್ತದೆ. ಮೇಲಕ್ಕೆ ಹೋದ ಪಾಲನ್ನು, ಬಿಸಿಲಿನಿಂದ ಉಂಟಾಗುವ ವಾಯುಮಂಡಲದ ಒಂದು ಪದರ ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗ ಇನ್ನೂ ಮೇಲೇರಿ, ನೂರು ಕಿಲೋಮೀಟರಿಗೂ ಎತ್ತರದಲ್ಲಿರುವ ಮತ್ತೊಂದು ಪದರಕ್ಕೆ ತಾಗಿ, ಬಾಗಿ ಕೆಳಗಿಳಿಯುತ್ತದೆ. ಇಷ್ಟು ಶಾಸ್ತ್ರ ಅಜ್ಜನಿಗೆ ಗೊತ್ತಿರಲಿಲ್ಲ. “ಹೊತ್ತು ಮುಣುಗಿದ ಮ್ಯಾಲ ದಾರಿ ತೆರೀತದ” ಎಂದಷ್ಟೇ ಹೇಳುತ್ತಿದ್ದರು. ಆ ದಾರಿಯೂ ಒಂದೇ ಸಮ ಇರುವುದಿಲ್ಲ. ದನಿ ಒಮ್ಮೆ ಹತ್ತಿರ ಬಂದು, ಒಮ್ಮೆ ಬಾವಿಯೊಳಗೆ ಇಳಿದಂತಾಗಿ, ಮತ್ತೆ ಏರುತ್ತದೆ. ಚಳಿಗಾಲದಲ್ಲಿ ಚೊಕ್ಕ, ಮಳೆಗಾಲದಲ್ಲಿ ಮಿಂಚಿಗೊಮ್ಮೆ ಚಟಚಟ ಸದ್ದು. ವಾರ್ತೆಯ ನಡುವೆ ಮುಖ್ಯವಾದ ಹೆಸರೇ ಮುಳುಗಿಹೋಗಿ, ಮಂತ್ರಿಯಾದವರು ಯಾರು ಎಂದು ಮರುದಿನ ಪತ್ರಿಕೆ ನೋಡಿ ತಿಳಿದುಕೊಂಡದ್ದೂ ಉಂಟು.

ಅಜ್ಜನಿಗೆ ಎಲ್ಲಕ್ಕಿಂತ ಬೇಕಾದದ್ದು ಗ್ರಾಮಸ್ಥರ ಕಾರ್ಯಕ್ರಮ. ಊರಲ್ಲಿ ಅವರಿಗೆ ಒಂದು ಗುಂಟೆ ಹೊಲವೂ ಉಳಿದಿರಲಿಲ್ಲ. ಇದ್ದದ್ದು ಸಾಲಕ್ಕೆ ಹೋಗಿದ್ದರಿಂದಲೇ ಮುಂಬಯಿಗೆ ಬಂದವರು. ಆದರೂ ಸಂಜೆ ಕಾರ್ಖಾನೆಯಿಂದ ಬಂದು, ಎಣ್ಣೆಗೈ ತೊಳೆದು, ಹುಬ್ಬಳ್ಳಿಯ ಅರಳೆಯ ಧಾರಣೆ, ಜೋಳಕ್ಕೆ ಬಿದ್ದ ಕಾಡಿಗೆ ರೋಗ, ಮಳೆಯ ಅಂದಾಜು ಎಲ್ಲವನ್ನೂ ಹೊಲದ ಒಡೆಯನಂತೆ ಕೇಳುತ್ತಿದ್ದರು. ಧಾರಣೆ ಇಳಿದರೆ ಅಂದು ಊಟದಲ್ಲಿ ಮಾತಿಲ್ಲ. “ಮಾರೂದಕ್ಕ ನಮ್ಮ ಮನ್ಯಾಗ ಅರಳಿ ಎಲ್ಲೈತಿ, ದಿಂಬಿನಾಗಿಂದು ಬಿಟ್ಟರ?” ಎಂದು ಅಜ್ಜಿ ಕೇಳಿದರೆ ಉತ್ತರವಿಲ್ಲ.

ಅಜ್ಜಿಗೆ ಬೆಂಗಳೂರು ಕೇಂದ್ರದ ಮಹಿಳೆಯರ ಕಾರ್ಯಕ್ರಮ ಒಂದು ಬೆರಗು. ರಜಾ ದಿನ ನಸುಕಿನಲ್ಲೋ ರಾತ್ರಿಯೋ ಬೆಂಗಳೂರು ಸಿಕ್ಕಾಗ ಅಲ್ಲಿನ ಮಾತು ಕೇಳಿ, “ಇವರು ಬುಕ್ಕಿನ್ಯಾಗ ಬರದಂಗ ಮಾತಾಡ್ತಾರ, ಸಿಟ್ಟು ಬಂದರ ಏನ ಮಾಡ್ತಾರೋ” ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಉಡುಪಿಯ ಕಡೆಯ ಕುಟುಂಬ. ಯಜಮಾನರು ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದವರು. ನಮ್ಮ ತಂದೆಗೆ ಅವರು ‘ಉಡುಪಿ ಮಾವ’, ನಮಗೂ ಅದೇ ಹೆಸರು ಉಳಿಯಿತು. ಮನೆಮಾತು ತುಳು, ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ. ಧಾರವಾಡದ ನಾಟಕ ಬಂದಾಗ ಅವರು ಬಾಗಿಲಲ್ಲಿ ನಿಂತು, “ಇವರು ಮಾತಾಡುವುದಾ, ಜಗಳ ಮಾಡುವುದಾ ಮಾರಾಯ್ರೆ?” ಎಂದು ಕೇಳುತ್ತಿದ್ದರಂತೆ. ಆದರೆ ಕೂತು ಕೂತು, ಒಂದೆರಡು ವರ್ಷಕ್ಕೆ ನಗಬೇಕಾದಲ್ಲಿ ನಮ್ಮವರಿಗಿಂತ ಮೊದಲು ಅವರೇ ನಗತೊಡಗಿದರು. ಊರಿನಲ್ಲಿ ಇದ್ದಿದ್ದರೆ ಗದಗಿನವರೂ ಉಡುಪಿಯವರೂ ಒಬ್ಬರ ಮಾತನ್ನು ಒಬ್ಬರು ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. ರಾಜ್ಯ ಒಂದಾದ ಮೇಲೂ ಬಹುಕಾಲ ಬರಲಿಲ್ಲ.

ಮುಂಬಯಿಯಲ್ಲಿ ಹುಟ್ಟಿ ಮರಾಠಿ ಶಾಲೆಗೆ ಹೋಗುತ್ತಿದ್ದ ನಮ್ಮ ತಂದೆಗೆ ಮಾತ್ರ ಬೇಕಾದದ್ದು ಬೇರೆ. ಇಲ್ಲಿ ರೇಡಿಯೋ ಸಿಲೋನ್ ಪ್ರವೇಶವಾಗಬೇಕು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಕೊಲಂಬೋದಲ್ಲಿ ನಿಲ್ಲಿಸಿದ್ದ ದೊಡ್ಡ ಹ್ರಸ್ವತರಂಗ ಪ್ರೇಷಕ ಯುದ್ಧಾನಂತರ ಅಲ್ಲಿನ ಸರಕಾರಕ್ಕೆ ಬಂದಿತ್ತು. 1952ರಲ್ಲಿ ನಮ್ಮ ಪ್ರಸಾರ ಮಂತ್ರಿಗಳಾದ ಬಿ. ವಿ. ಕೇಸ್ಕರರಿಗೂ ಚಿತ್ರ ನಿರ್ಮಾಪಕರಿಗೂ ಬಿಗಡಾಯಿಸಿ, ಆಕಾಶವಾಣಿಯಲ್ಲಿ ಸಿನಿಮಾ ಹಾಡು ಇಲ್ಲದಂತಾಯಿತು. ಹಾಡೆಲ್ಲ ಕೊಲಂಬೋಗೆ ಗುಳೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭ. ಐದು ವರ್ಷದ ಮೇಲೆ, 1957ರ ಅಕ್ಟೋಬರ್ 3ರಂದು, ಸರಕಾರವೇ ವಿವಿಧ ಭಾರತಿ ತಂದು ಸಿನಿಮಾ ಹಾಡನ್ನು ಮನೆಗೆ ಕರೆಸಿಕೊಂಡರೂ, ಬುಧವಾರ ರಾತ್ರಿ ಎಂಟು ಗಂಟೆ ಮಾತ್ರ ಬಿನಾಕಾದ್ದಾಗಿಯೇ ಉಳಿಯಿತು.

ಬುಧವಾರ ಎಂಟು ಗಂಟೆಗೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಜ್ಜ ದುಡಿದು ತಂದ ಪೆಟ್ಟಿಗೆ, ಲೈಸೆನ್ಸು ಅವರ ಹೆಸರಿನಲ್ಲಿ. ಆದ್ದರಿಂದ ಮುಳ್ಳು ಕುಂಕುಮದ ಬೊಟ್ಟನ್ನು ಬಿಟ್ಟು ಅಲ್ಲಾಡಕೂಡದು. ತಂದೆ ಬಾಗಿಲಾಚೆ ಕಟಾಂಜನಕ್ಕೆ ಒರಗಿ, ಕೆಳಗಿನ ಇರಾನಿ ಹೋಟೆಲಿನ ರೇಡಿಯೋದಿಂದ ಮೇಲೇರಿ ಬರುವ ಹಾಡನ್ನು ಹಿಡಿಯಲು ಯತ್ನಿಸುತ್ತಿದ್ದರು. ಈ ಕಿವಿಯಲ್ಲಿ ಅರಳೆ, ಆ ಕಿವಿಯಲ್ಲಿ ಬಿನಾಕಾ. ಕೊನೆಗೆ ಒಪ್ಪಂದವಾದದ್ದು ಹೀಗೆ: ವಾರದಲ್ಲಿ ಮೂರು ದಿನ ತಂದೆ ರೇಡಿಯೋದಲ್ಲಿ ಕೇಳಿದ ಕನ್ನಡ ವಾರ್ತೆಯ ಹತ್ತು ಸಾಲನ್ನು ಕನ್ನಡದಲ್ಲಿ ಬರೆದು ಅಜ್ಜನಿಗೆ ತೋರಿಸಬೇಕು, ಹಾಗಿದ್ದರೆ ಬುಧವಾರದ ಒಂದು ಗಂಟೆ ಕೊಲಂಬೋಗೆ. ತಂದೆಗೆ ಕನ್ನಡದ ಒತ್ತಕ್ಷರ ಬಂದದ್ದು ಬಿನಾಕಾದ ಆಸೆಯಿಂದ. ಆ ನೋಟುಪುಸ್ತಕಗಳಲ್ಲಿ ಒಂದು ಈಗಲೂ ಇದೆ. ‘ಮುಖ್ಯಮಂತ್ರಿ’ ಎಂಬುದು ಅದರಲ್ಲಿ ನಾಲ್ಕು ಬಗೆಯಾಗಿ ಬರೆಯಲ್ಪಟ್ಟಿದೆ.

ಕೇಳುತ್ತ ಕೇಳುತ್ತ ಹುಡುಕದೆ ಸಿಕ್ಕಿದ ಸಂಪತ್ತೂ ಇತ್ತು. ಅಜ್ಜ ಊರಿನಲ್ಲಿ ಭಜನೆ, ಬಯಲಾಟ ಕೇಳಿದ್ದವರೇ ಹೊರತು ರಾಗ ತಿಳಿದವರಲ್ಲ. ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನ್ಸೂರರು, ಸಾಹಿತ್ಯದ ಸಲಹೆಗಾರರಾಗಿದ್ದವರು ಬೇಂದ್ರೆಯವರು. ಅಂಥವರು ಇದ್ದಾಗ ಹುಬ್ಬಳ್ಳಿಯ ಅರಳೆಯ ಹಿಂದೆಯೇ ಏನೇನು ಬಂದೀತೆಂದು ಹೇಳಬರುವುದಿಲ್ಲ. ಒಂದು ರಾತ್ರಿ ಮನ್ಸೂರರ ವಚನ ಗಾಯನ ಬರುತ್ತಿದ್ದಾಗ ನಮ್ಮ ಚಾಳಿನ ಮರಾಠಿ ಮಾಸ್ತರರು ಮೆಟ್ಟಿಲ ಮೇಲೆಯೇ ನಿಂತರು. ಮಾತು ಅವರಿಗೆ ತಿಳಿಯದು. ಹಾಡು ಮುಗಿದ ಮೇಲೆ ಒಳಗೆ ಬಂದು ಅದರ ಅರ್ಥ ಹೇಳಿರೆಂದರು. ಅಜ್ಜ ತಮಗೆ ಬಂದ ಮರಾಠಿಯಲ್ಲಿ ಬಸವಣ್ಣನವರ ಮಾತನ್ನು ಹೇಳಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡರು. ಉಡುಪಿ ಮಾವ ಬಂದು ಪೂರ್ತಿ ಮಾಡಿದರು. ಅಂದಿನಿಂದ ಮಾಸ್ತರರಿಗೆ ನಮ್ಮ ಕೋಣೆಯಲ್ಲಿ ಒಂದು ಮಣೆ ಕಾಯಂ ಆಯಿತು. ಅಜ್ಜನಿಗೆ ಒಂದೇ ಕೊರತೆ. ಪೇಟಿ ಕೇಳುವುದಿಲ್ಲವಲ್ಲ ಎಂದು. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಹೊಂದದ ವಾದ್ಯವೆಂದು 1940ರಲ್ಲಿಯೇ ಬಾನುಲಿಯಿಂದ ಹೊರಗಿಟ್ಟಿದ್ದರು. ಆ ಕಟ್ಟು ಸಡಿಲವಾದದ್ದು 1971ರಲ್ಲಿ. ಪೇಟಿಯಿಲ್ಲದ ಭಜನೆಯನ್ನು ಹುಳಿಯಿಲ್ಲದ ಸಾರಿಗೆ ಹೋಲಿಸುತ್ತಿದ್ದ ಅಜ್ಜನ ಕಡೆಗೇ ನಮ್ಮ ಮತ.

ಈಗ ಆ ಖಾಲಿ ಪುಟ.

1974ರ ಮೇ 8ರಂದು ದೇಶದಾದ್ಯಂತ ರೈಲ್ವೆ ಮುಷ್ಕರ ಆರಂಭವಾಯಿತು. ಮುಂದಾಳು ಜಾರ್ಜ್ ಫರ್ನಾಂಡಿಸರು, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಬೀದಿಗಳಲ್ಲಿ ನಾಯಕರಾದವರು. ಸುಮಾರು ಹದಿನೇಳು ಲಕ್ಷ ಕೆಲಸಗಾರರು ಅದರಲ್ಲಿದ್ದರು. ಮೇ 27ಕ್ಕೆ ಹಿಂದೆಗೆದುಕೊಳ್ಳುವಷ್ಟರಲ್ಲಿ ಸಾವಿರಾರು ಜನ ಜೈಲು ಕಂಡಿದ್ದರು. ಅಜ್ಜ ಮುಷ್ಕರಕ್ಕೆ ಇಳಿದವರೇ. ಜೈಲಿಗೆ ಹೋಗಲಿಲ್ಲ, ಆದರೆ ಮನೆಗೆ ಸಂಬಳ ಬರಲಿಲ್ಲ. ಅದೇ ತಿಂಗಳ ಕೊನೆಗೆ ನಮ್ಮ ಸೋದರತ್ತೆಯ ಮದುವೆ ಗೊತ್ತಾಗಿತ್ತು. ಮುಂದೆ ಹಾಕಿದರೆ ಗಂಡಿನವರು ನಿಲ್ಲುವುದಿಲ್ಲ. ಅಜ್ಜ ಪಕ್ಕದ ಕೋಣೆಗೆ ಹೋಗಿ ಉಡುಪಿ ಮಾವನಲ್ಲಿ ಮುನ್ನೂರು ರೂಪಾಯಿ ಕೇಳಿದರು. ಅವರು ಕೊಟ್ಟರು. ಮರುದಿನ ಬೆಳಗ್ಗೆ ಅಜ್ಜ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟರು. ಮಾವ ಬೇಡವೇ ಬೇಡವೆಂದರು. ಬಿಡಿಗಾಸಿನ ಒತ್ತೆಯೂ ಇಲ್ಲದೆ ಕೈಗಡ ತೆಗೆದುಕೊಳ್ಳುವುದು ಅಜ್ಜನಿಂದ ಆಗಲಿಲ್ಲ. ಇಬ್ಬರೂ ಒಳ್ಳೆಯವರಾದರೆ ಮಾತು ಬೇಗ ಮುಗಿಯುವುದಿಲ್ಲ. ಅಂದು ಬೆಳಗ್ಗೆ ಇಬ್ಬರೂ ಕೆಲಸಕ್ಕೆ ತಡವಾಗಿ ಹೋದರಂತೆ. ರೇಡಿಯೋ ಅಲ್ಲಿಯೇ ಉಳಿಯಿತು.

ಆ ಸಂಜೆಯಿಂದ ಒಂದೂವರೆ ವರ್ಷ, ಎರಡು ಕೋಣೆಗಳ ನಡುವಿನ ಹಲಗೆ ಗೋಡೆಗೆ ಒತ್ತಿ ಇಟ್ಟ ರೇಡಿಯೋದಲ್ಲಿ ಧಾರವಾಡದ ಗ್ರಾಮಸ್ಥರ ಕಾರ್ಯಕ್ರಮ ಸ್ವಲ್ಪ ಗಟ್ಟಿಯಾಗಿಯೇ ಬರುತ್ತಿತ್ತು. ಅಡಿಕೆಯ ಧಾರಣೆ ಆದರೂ ಆಗಬಹುದಿತ್ತು, ಅರಳೆಯ ಧಾರಣೆ ಕಟ್ಟಿಕೊಂಡು ಉಡುಪಿಯವರಿಗೆ ಆಗಬೇಕಾದದ್ದೇನು? ಅಜ್ಜ ಗೋಡೆಗೆ ಬೆನ್ನು ಕೊಟ್ಟು ಕುಳಿತು ಕೇಳುತ್ತಿದ್ದರು. ಈ ವಿಷಯ ಇಬ್ಬರೂ ಬದುಕಿರುವವರೆಗೆ ಒಬ್ಬರೊಡನೊಬ್ಬರು ಎತ್ತಲಿಲ್ಲ. ನಮಗೆ ಹೇಳಿದವರು ಅಜ್ಜಿ.

ಇಷ್ಟು ಕಥೆ ನಮಗೆ ಮೊದಲೇ ಗೊತ್ತಿತ್ತು. ಖಾಲಿ ಪುಟಕ್ಕೆ ಕಾರಣ ಇದೇ ಎಂದು ಲೆಕ್ಕ ಮುಗಿಸಿಬಿಡಬಹುದಿತ್ತು. ಆದರೆ ಪುಸ್ತಕದ ಮಾತು ಬಂದ ಮೇಲೆ, ಮೀರಾ ರೋಡಿನಲ್ಲಿ ಮಗನ ಮನೆಯಲ್ಲಿರುವ ಉಡುಪಿ ಅತ್ತೆಯನ್ನು ಕಂಡು ತೋರಿಸಿಕೊಂಡು ಬರಬೇಕೆನಿಸಿ ಒಂದು ಭಾನುವಾರ ಹೋದೆವು. ಅತ್ತೆಗೆ ಈಗ ಎಂಬತ್ತೇಳು. ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ಇಂಥದ್ದು ನಮ್ಮಲ್ಲಿಯೂ ಒಂದು ಉಂಟಲ್ಲ” ಎಂದರು. ಸೊಸೆ ಕಪಾಟು ಹುಡುಕಿ, ದೇವರ ಫೋಟೋಗಳ ಹಿಂದಿನ ಲಕೋಟೆಯಿಂದ ತೆಗೆದುಕೊಟ್ಟರು. ಅದೇ ಅಳತೆಯ ಪುಸ್ತಕ, ಹೊಚ್ಚಹೊಸದರಂತಿತ್ತು. ಒಳಗೆ ಒಂದೇ ಒಂದು ಮುದ್ರೆ: 1975. ತಯಾರಕರ ಹೆಸರು ಮರ್ಫಿ. ಪೆಟ್ಟಿಗೆಯ ನಂಬರು ನಮ್ಮ ಪುಸ್ತಕದಲ್ಲಿ ಬರೆದಿದ್ದ ನಂಬರೇ.

ಒತ್ತೆ ಇಟ್ಟ ವಸ್ತುವಿಗೆ ಬಡ್ಡಿ ತೆಗೆದುಕೊಳ್ಳುವವರನ್ನು ನಾವು ನಿತ್ಯ ನೋಡುತ್ತೇವೆ. ಅದು ನಮ್ಮ ಉದ್ಯೋಗ. ಒತ್ತೆಯ ವಸ್ತುವಿಗೆ ತಾನೇ ಕೈಯಿಂದ ಸರಕಾರಕ್ಕೆ ದುಡ್ಡು ಕಟ್ಟಿದವರನ್ನು ಅಂದು ಕಂಡೆವು. ಯಾಕೆ ಕಟ್ಟಿದರು ಎಂದು ಅತ್ತೆಯನ್ನು ಕೇಳಿದೆವು. “ಇನ್ಸ್‌ಪೆಕ್ಟರು ಬಂದು ಹಿಡಿದರೆ ರೇಡಿಯೋ ಹೋಗುತ್ತಿತ್ತು ಮಗಾ. ಅದು ಅವರದ್ದಲ್ಲವಾ?” ಎಂದರು. 1976ರ ಜನವರಿಯಲ್ಲಿ ಅಜ್ಜ ಕೊನೆಯ ಐವತ್ತು ರೂಪಾಯಿ ಕೊಟ್ಟು ರೇಡಿಯೋವನ್ನು ಮನೆಗೆ ತಂದಾಗ ಈ ಹಣದ ಮಾತು ಬರಲಿಲ್ಲವಂತೆ. ಬಂದಿದ್ದರೆ ಅಜ್ಜ ಅದನ್ನೂ ಕೊಟ್ಟೇ ತೀರುತ್ತಿದ್ದರು. ಬಹುಶಃ ಅದಕ್ಕೇ ಬರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಮಂಗಳೂರು ಕೇಂದ್ರ ಆರಂಭವಾಯಿತು. ಅದಕ್ಕೆ ಮೊದಲೇ 1965ರಲ್ಲಿ ಭದ್ರಾವತಿ, 1966ರಲ್ಲಿ ಕಲಬುರ್ಗಿ ಬಂದಿದ್ದವು. ಮೈಸೂರಿಗೂ 1974ರಲ್ಲಿ ಮರಳಿ ತನ್ನ ಕೇಂದ್ರ ಸಿಕ್ಕಿತ್ತು. ಈಗ ಗುಂಡಿ ತಿರುಗಿಸುವ ಸರದಿ ಉಡುಪಿ ಮಾವನದು. ರಾತ್ರಿ ಊಟವಾದ ಮೇಲೆ ಮಂಗಳೂರನ್ನು ಹುಡುಕುತ್ತ ಗಂಟೆಗಟ್ಟಲೆ ಕೂರುತ್ತಿದ್ದರಂತೆ. ಒಂದು ರಾತ್ರಿ ಗರಗರ ಸದ್ದಿನ ನಡುವೆ ತುಳುವಿನ ನಾಲ್ಕು ಮಾತು ಕೇಳಿಸಿತು, ಅಷ್ಟೇ, ಮುಳುಗಿತು. ಅವರು ಎದ್ದು ಹೋಗಿ ಅತ್ತೆಯನ್ನು ಎಬ್ಬಿಸಿಕೊಂಡ ಬಂದರು. ಇಬ್ಬರೂ ಹನ್ನೊಂದು ಗಂಟೆಯವರೆಗೆ ಗರಗರ ಸದ್ದನ್ನೇ ಕೇಳಿಕೊಂಡು ಕುಳಿತಿದ್ದರು. ಮರುದಿನ ಅಜ್ಜಿ ಗಾಜಿನ ಮೇಲೆ ಎರಡನೆಯ ಬೊಟ್ಟು ಇಟ್ಟರು.

ಎಂಬತ್ತರ ದಶಕದ ನಡುವಿಗೆ ಲೈಸೆನ್ಸು ಪದ್ಧತಿಯೇ ರದ್ದಾಯಿತು. ಅಷ್ಟು ಹೊತ್ತಿಗೆ ಮನೆಗೆ ಟೆಲಿವಿಷನ್ ಬಂದಿತ್ತು. ನಾವು ಹುಟ್ಟಿದಾಗ ಮರ್ಫಿಯ ಮೇಲೆ ಜಮಖಾನೆಯ ತುಂಡು ಹೊದೆಸಿ ಅದರ ಮೇಲೆ ದೂರದರ್ಶನವನ್ನು ಕೂರಿಸಿದ್ದರು. ನಮ್ಮ ಪೀಳಿಗೆಯ ಬಾಲ್ಯದ ಧಾರವಾಡವೆಂದರೆ ತಂದೆಯ ಪುಟ್ಟ ಟ್ರಾನ್ಸಿಸ್ಟರಿನದು. ಅದರ ಒಳಗಿನ ಕಪ್ಪು ಕಡ್ಡಿಯೇ ಏರಿಯಲ್. ಪೆಟ್ಟಿಗೆಯನ್ನು ತಿರುಗಿಸಿದ ದಿಕ್ಕಿಗೆ ಕೇಂದ್ರ ಏಳುತ್ತದೆ, ಬೀಳುತ್ತದೆ. ಕಿಟಕಿಯಲ್ಲಿ ಯಾವ ಮೂಲೆಗೆ ಮುಖ ಮಾಡಿ ಇಟ್ಟರೆ ಧಾರವಾಡ ಎಂಬುದು ನಮಗೆ ಶಾಲೆಯ ನಕಾಶೆಗಿಂತ ಮೊದಲು ತಿಳಿದಿತ್ತು.

ಇಂದು ಈ ಹವ್ಯಾಸಕ್ಕೆ ಕಾಲ ಒಳ್ಳೆಯದಲ್ಲ. ಆಕಾಶದ ದಾರಿ ರಾತ್ರಿ ಈಗಲೂ ತೆರೆಯುತ್ತದೆ. ಗಲಾಟೆ ಇರುವುದು ಮನೆಯೊಳಗೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು, ಲಿಫ್ಟಿನ ಯಂತ್ರ ಎಲ್ಲವೂ ಮಧ್ಯಮ ತರಂಗದಲ್ಲಿ ಜೇನುಹುಟ್ಟಿನಂತೆ ಗುಂಯ್‌ಗುಡುತ್ತವೆ. ಅದರ ಬದಲು ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ಇದೆ. ಧಾರವಾಡ, ಬೆಂಗಳೂರು, ಮಂಗಳೂರು ಎಲ್ಲವೂ ಹಗಲುಹೊತ್ತೇ, ಒಂದು ಚಟಚಟವೂ ಇಲ್ಲದೆ ಬರುತ್ತವೆ. ಉಡುಪಿ ಅತ್ತೆಗೆ ಅಂದೇ ಸೊಸೆಯ ಮೊಬೈಲಿನಲ್ಲಿ ಮಂಗಳೂರು ಹಾಕಿಕೊಟ್ಟೆವು. ಚೆನ್ನಾಗಿ ಕೇಳುತ್ತದೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅವರಿಗೆ ಇದು ಸಿಕ್ಕಿದ್ದರೆ ರಾತ್ರಿ ನಿದ್ದೆಯಾದರೂ ಮಾಡುತ್ತಿದ್ದರು ಎಂದರು.

ಮರ್ಫಿಯ ಎರಡು ವಾಲ್ವು ಸುಟ್ಟಿವೆ, ಚೋರ್ ಬಜಾರಿನಲ್ಲಿ ಒಂದು ಸಿಕ್ಕಿದೆ. ಇನ್ನೊಂದು ಸಿಗುವವರೆಗೆ ತಂದೆಯ ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿ, ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ, ಮಗಳನ್ನು ಕರೆದುಕೊಂಡು ಡೊಂಬಿವಲಿಯ ಮನೆಯ ಗಚ್ಚಿಗೆ ಹೋದೆವು. ದೀಪಗಳಿಂದ ದೂರ, ನೀರಿನ ಟಾಕಿಯ ಮಗ್ಗುಲಲ್ಲಿ ಕುಳಿತು 765 ಕಿಲೋಹರ್ಟ್ಸಿನ ಹತ್ತಿರ ಮುಳ್ಳು ತಂದು, ಪೆಟ್ಟಿಗೆಯನ್ನು ಆಗ್ನೇಯದತ್ತ ಮೆಲ್ಲಗೆ ಹೊರಳಿಸಿದೆವು. ಮೊದಲು ಗುಂಯ್‌ಗುಡಿತ, ಆಮೇಲೆ ಅದರ ಕೆಳಗಿನಿಂದ ಒಂದು ಹೆಂಗಸಿನ ದನಿ, ಕನ್ನಡ. ಎರಡು ವಾಕ್ಯವಾಗುವಷ್ಟರಲ್ಲಿ ಇಳಿದುಹೋಯಿತು. “ನಿಂತು ಹೋಯ್ತಾ?” ಎಂದಳು ಮಗಳು. ಇಲ್ಲ, ಬರುತ್ತದೆ, ತಡಿ ಎಂದೆವು. ಅವಳು ಪೆಟ್ಟಿಗೆಯನ್ನು ನಮ್ಮ ಕೈಯಿಂದ ತೆಗೆದುಕೊಂಡು ತಾನೇ ತಿರುಗಿಸತೊಡಗಿದಳು.